ಉಚ್ಚಂಗೆಪ್ಪನ ಮಧ್ಯಾಹ್ನದ ಬೋಟು

"ಇವತ್ತು ಈ ಹಡಗಿಗೆ ನಾನಽ ರಾಜ!" ಎಂದು ಉಚ್ಚಂಗೆಪ್ಪ ಬೆಳಗಿನ ಉಪ್ಪಿಟ್ಟಿನ ತಟ್ಟೆಯ ಮುಂದೆ ಘೋಷಿಸಿಬಿಟ್ಟ. "ನೀವೆಲ್ಲಾ ಆ ಉಸುಕಿನಾಗ ಬಿಸಲಿಗೆ ಸುಟ್ಟುಕಂಡು ಬರ್ರಿ. ನಾ ಇಲ್ಲೇ ಇರ್ತೀನಿ. ಸದ್ದಿಲ್ಲ, ಗದ್ದಲಿಲ್ಲ, ಕಾಲು ಚಾಚಿ ಮಲಗಿದ್ರ ಏಳೋದು ನನ್ನ ಮರ್ಜಿ!"

ಹೀಗೆ ಘೋಷಿಸುವ ಮೊದಲು ಅವನು ಹೆಂಡತಿಯ ಮುಖವನ್ನೊಮ್ಮೆ ನೋಡಬೇಕಿತ್ತು. ನೋಡಲಿಲ್ಲ. ಅದೊಂದು ಸಲ ನೋಡಿದ್ದರೆ ಈ ಕಥೆಯನ್ನು ನಾನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಉಚ್ಚಂಗೆಪ್ಪ ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೌಂಟರಿನ ಗುಮಾಸ್ತ. ಯಾವ ಕಚೇರಿ ಅಂತ ಹೇಳುವುದಿಲ್ಲ. ಆ ಕಿಂಡಿಯ ಮುಂದೆ ನೀವೂ ನಿಂತಿರಬಹುದು. "ಕೌಂಟರ್ ಬಂದ್ ಆಗೈತಿ, ನಾಳಿ ಬರ್ರಿ" ಎಂದು ಕಿಂಡಿ ಎಳೆಯುವುದರಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಎಷ್ಟೋ ವರ್ಷ ಹೇಳಿ ಹೇಳಿ ಆ ಮಾತು ಅವನ ನಾಲಿಗೆಗೆ ಅಂಟಿ ಮನೆಗೂ ಬಂದಿತ್ತು. ಸಂಜೆ ಹೆಂಡತಿ ಗಾಳೆಮ್ಮ "ರೀ, ಸಂತಿಗೆ ಹೋಗಿ ಬರೋಣೇನು?" ಎಂದರೆ, ಇವನು ಕುರ್ಚಿಯಲ್ಲಿ ಕಣ್ಣು ಮುಚ್ಚಿ, "ಕೌಂಟರ್ ಬಂದ್ ಆಗೈತಿ!" ಎಂದು ತನ್ನ ಹಾಸ್ಯಕ್ಕೆ ತಾನೇ ನಗುತ್ತಿದ್ದ. ನಕ್ಕು ಮುಗಿದ ಮೇಲೆ ಇನ್ನೊಂದು ಮಾತು ತಪ್ಪದೆ ಸೇರಿಸುತ್ತಿದ್ದ: "ಛತ್ರಿ ತಗಂಡು ಹೋಗು."

ಆ ಛತ್ರಿ ಮದುವೆಯಲ್ಲಿ ಮಾವ ಅಳಿಯನಿಗೆ ಕೊಟ್ಟದ್ದು. ಕರಿಬಟ್ಟೆಯ, ಬೆತ್ತದ ಹಿಡಿಯ, ಇಬ್ಬರು ನಿಂತರೂ ನೆನೆಯದಂಥ ಗಜಗಾತ್ರದ ಛತ್ರಿ! ಆದರೆ ಅದರ ಕೆಳಗೆ ಇಬ್ಬರು ನಿಂತ ದಾಖಲೆ ಇಲ್ಲ. ಗಾಳೆಮ್ಮ ಮೈಲಾರಕ್ಕೆ ಹೋದರೆ ಜೊತೆಗೆ ಛತ್ರಿ. ಉಚ್ಚಂಗಿದುರ್ಗ ಹತ್ತಿದರೆ ಛತ್ರಿ. ಟೆಂಟಿನ ಸಿನಿಮಾಕ್ಕೂ ಛತ್ರಿ. ಅವಳ ಅಪ್ಪ ತೀರಿಕೊಂಡ ದಿನವೂ ಅಷ್ಟೇ. "ನೀ ಮೊದಲು ಹೋಗಿರು, ನಾ ಹಿಂದಿನ ಬಸ್ಸಿಗೆ ಬಂದುಬಿಡ್ತೀನಿ" ಎಂದ. ಹಿಂದಿನ ಬಸ್ಸು ಕೂಡ್ಲಿಗಿಯ ಹತ್ತಿರ ಕೆಟ್ಟು ನಿಂತಿತು. ಮಣ್ಣು ಮಾಡುವ ತನಕ ಗಾಳೆಮ್ಮನ ಪಕ್ಕದಲ್ಲಿದ್ದದ್ದು ಛತ್ರಿಯೇ. ಅದಕ್ಕಾಗಿ ಉಚ್ಚಂಗೆಪ್ಪ ಆಗ ಬಹಳ ನೊಂದುಕೊಂಡಿದ್ದ. ನೊಂದುಕೊಳ್ಳುವುದರಲ್ಲೂ ಅವನು ಯಾವಾಗಲೂ ಹಿಂದಿನ ಬಸ್ಸಿನವನೇ.

ಇಂಥವನು ಹಡಗಿಗೆ ಹೇಗೆ ಬಂದ ಅಂತೀರಾ? ನಾಲ್ಕು ವರ್ಷಕ್ಕೊಮ್ಮೆ ಸರ್ಕಾರವೇ ಖರ್ಚು ಕೊಟ್ಟು ಊರು ತೋರಿಸುವ ಎಲ್.ಟಿ.ಸಿ. ಎಂಬ ಭಾಗ್ಯವೊಂದಿತ್ತಲ್ಲ, ಅದನ್ನು ಕಚೇರಿಯ ಮಿಕ್ಕವರು ತಿರುಪತಿ, ಕನ್ಯಾಕುಮಾರಿ ಎಂದು ಮುಗಿಸುತ್ತಿದ್ದರು. ಉಚ್ಚಂಗೆಪ್ಪ ಮೇಜು ಗುದ್ದಿದ. "ನಾ ಹಡಗು ಹತ್ತಾಂವ! ಲಕ್ಷದ್ವೀಪ ನೋಡಾಂವ! ನಾ ಹಲವಾಗಲದಾಗ ಹುಟ್ಟಿ ಬೆಳದಾಂವ್ರಿ. ತುಂಗಭದ್ರಿ ದಂಡಿ ತುಂಬಿ ಹರಿವಾಗ ಹರಿಗೋಲಿನಾಗ ಆಡಿದಾಂವ. ನನಗ ಸಮುದ್ರ ಅಂದ್ರ ಏನು? ಅಗಲಾದ ಹೊಳಿ!"

ಕೊಚ್ಚಿಯಲ್ಲಿ ಹಡಗು ಹತ್ತಿದ ರಾತ್ರಿಯೇ ಆ ಅಗಲಾದ ಹೊಳೆ ತನ್ನ ಗುಣ ತೋರಿಸಿತು. ಕೊಟ್ಟೂರಿನಲ್ಲಿ ತಿಂದ ಮಂಡಕ್ಕಿಯಿಂದ ಹಿಡಿದು ಕೊಚ್ಚಿಯಲ್ಲಿ ಕುಡಿದ ಚಹಾದವರೆಗೆ ಉಚ್ಚಂಗೆಪ್ಪ ಎಲ್ಲವನ್ನೂ ಬಚ್ಚಲಿಗೆ ಒಪ್ಪಿಸಿದ. ಗಾಳೆಮ್ಮ ಬೆನ್ನು ನೀವುತ್ತ ನಿಂತಿದ್ದಳು. ಅವಳಿಗೆ ಒಂದು ತೇಗೂ ಬರಲಿಲ್ಲ. ಅದು ಅವನಿಗೆ ವಾಂತಿಗಿಂತ ಹೆಚ್ಚಿನ ಸಂಕಟ.

ಗಾಳೆಮ್ಮ ಈ ಪ್ರಯಾಣಕ್ಕೆ ಒಪ್ಪಿದ್ದೇ ಬೇರೆ ಕಾರಣಕ್ಕೆ. ಮದುವೆಯಾದ ಹೊಸದರಲ್ಲಿ ಉಚ್ಚಂಗೆಪ್ಪನಿಗೆ ಕಾಮಾಲೆಯಾಗಿತ್ತು. ಕಣ್ಣು, ಉಗುರು ಎಲ್ಲ ಹಳದಿಯಾಗಿ, ಹರಪನಹಳ್ಳಿಯ ಡಾಕ್ಟರು ತಲೆಯಾಡಿಸಿ ಎದ್ದುಹೋಗಿದ್ದರು. ಆಗ ಆ ಹೊಸ ಹುಡುಗಿ ಹಿತ್ತಲಿಗೆ ಹೋಗಿ ಗಂಗವ್ವನಿಗೆ ಹರಕೆ ಹೊತ್ತಳು: ಗಂಡ ಎದ್ದು ಓಡಾಡಿದರೆ, ಅವನ ಶಲ್ಯಕ್ಕೂ ತನ್ನ ಸೆರಗಿಗೂ ಗಂಟು ಹಾಕಿಕೊಂಡು, ಜೋಡಿಯಾಗಿ ಸಮುದ್ರದಲ್ಲಿ ಮುಳುಗಿ, ತಾಯಿಗೆ ಉಡಿ ತುಂಬುತ್ತೇನೆ.

"ಕೂಗಳತ್ಯಾಗ ಹೊಳಿ ಇಟ್ಟುಕಂಡು ಸಮುದ್ರ ಯಾಕ ಬೇಡ್ಕಂಡಿ ತಂಗಿ?" ಎಂದು ಅತ್ತೆ ಬೈದಿದ್ದಳು.

"ದೊಡ್ಡ ಬ್ಯಾನಿಗೆ ದೊಡ್ಡ ನೀರು ಬೇಕಲ್ಲ ಅತ್ತಿ" ಎಂದಿದ್ದಳು ಗಾಳೆಮ್ಮ.

ಉಚ್ಚಂಗೆಪ್ಪ ಎದ್ದ, ಓಡಾಡಿದ, ನೌಕರಿ ಹಿಡಿದ, ಹೊಟ್ಟೆ ಬೆಳೆಸಿದ. ಸಮುದ್ರ ಮಾತ್ರ ಹಗರಿಬೊಮ್ಮನಹಳ್ಳಿಗೆ ಬರಲಿಲ್ಲ. ಅವನಿಗೆ ಒಂದು ಶೀತವಾದರೂ ಗಾಳೆಮ್ಮನ ಎದೆ ಧಸಕ್ಕೆನ್ನುತ್ತಿತ್ತು. ಹರಕೆ ಉಳಿದುಬಿಟ್ಟಿದೆ, ತಾಯಿ ಕೊಟ್ಟದ್ದನ್ನು ವಾಪಸು ಕೇಳಿದರೆ ಏನು ಗತಿ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ. ಈಗ ಹಸಿರು ಖಣ, ಬಳೆ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ ಎಲ್ಲ ಗಂಟು ಕಟ್ಟಿಕೊಂಡು ಬಂದಿದ್ದಳು. ಇದ್ದದ್ದು ಒಂದೇ ಹಗಲು. ಸುತ್ತ ನೀರೊಳಗೆ ಹವಳದ ಬಂಡೆಗಳಿದ್ದುದರಿಂದ ಹಡಗು ನಡುಗಡ್ಡೆಯ ಹತ್ತಿರ ಹೋಗುವಂತಿರಲಿಲ್ಲ. ದೂರದಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ಬೋಟಿನಲ್ಲಿ ದಡಕ್ಕೆ ಸಾಗಿಸುತ್ತಿದ್ದರು. ಬೆಳಿಗ್ಗೆ ಒಂದು ಬೋಟು, ಮಧ್ಯಾಹ್ನ ಒಂದು. ಸಂಜೆಗೆ ಎಲ್ಲರೂ ವಾಪಸು, ಹಡಗೂ ವಾಪಸು.

"ಮಧ್ಯಾಹ್ನದ ಬೋಟಿಗೆ ಖರೇನ ಬರ್ತೀರಿ?" ಬೋಟಿನ ಏಣಿಯ ಹತ್ತಿರ ಗಾಳೆಮ್ಮ ಕೇಳಿದಳು.

"ಬರ್ತೀನಿ."

"ನನ್ನ ಮುಖ ನೋಡಿ ಹೇಳ್ರಿ."

"ಲೇ, ಹೊಟ್ಟಿ ಇನ್ನೂ ಸುಮ್ಮನಾಗಿಲ್ಲ. ಒಂದು ಗಳಿಗಿ ಆರಾಮ ತಗಂಡು ಬಂದುಬಿಡ್ತೀನಿ. ಶಲ್ಯ ನನ್ನ ಹತ್ರಽ ಇರಲಿ. ಹೆಗಲ ಮ್ಯಾಲೆ ಹಾಕ್ಕಂಡು ಮದುಮಗ ಬಂದಂಗ ಬರ್ತೀನಿ, ನೋಡ್ತಿರು!"

"ನೀವು ಬರಲಿಲ್ಲಂದ್ರ ಹರಕಿ..."

"ಬರ್ತೀನಿ ಅಂದ್ನೆಲ್ಲ! ಅಲ್ಲಿತನಕ ಈ ಛತ್ರಿ ತಗ. ಇದನ್ನಽ ನಾನು ಅಂತ ತಿಳ್ಕ!"

ಜೊತೆಯ ಪ್ರಯಾಣಿಕಳು, ಕೂಡ್ಲಿಗಿಯ ಮರುಳಸಿದ್ದಮ್ಮ, ಬೋಟಿನೊಳಗಿಂದಲೇ ನಕ್ಕಳು. "ಯಣ್ಣಾ, ಛತ್ರಿ ಆದ್ರ ಬಿಚ್ಚಿದ್ರ ಬಿಚ್ಚತೈತಿ. ನೀವು ಮಲಗಿದ್ರ ಏಳ್ತೀರೇನು?" ಎಲ್ಲರೂ ನಕ್ಕರು. ಗಾಳೆಮ್ಮ ನಗಲಿಲ್ಲ. ಛತ್ರಿ ಬಿಚ್ಚಿಕೊಂಡು ಕೂತಳು. ಬೋಟು ದೂರವಾಯಿತು.

ರಾಜ್ಯಭಾರ ಶುರುವಾಯಿತು! ಉಚ್ಚಂಗೆಪ್ಪ ಮೊದಲು ಹಡಗಿನ ಕಂಪೌಂಡರನ ಹತ್ತಿರ ವಾಂತಿಯ ಗುಳಿಗೆ ಕೇಳಿದ. ಕಂಪೌಂಡರ್ ಒಂದು ಕೊಟ್ಟ. "ಇದು ಮಂದಿಗೆ ಆತು. ನನಗ?" ಎಂದು ಜಗಳವಾಡಿ ಇನ್ನೊಂದು ಇಸಿದುಕೊಂಡು ಎರಡನ್ನೂ ಒಟ್ಟಿಗೆ ನುಂಗಿದ. ನಿದ್ದೆ ಬರುತ್ತದೆ, ಹುಷಾರು ಎಂದು ಕಂಪೌಂಡರ್ ಕೈಸನ್ನೆ ಮಾಡಿ ತೋರಿಸಿದ್ದನ್ನು ಇವನು ನಮಸ್ಕಾರವೆಂದು ತಿಳಿದು ತಿರುಗಿ ನಮಸ್ಕರಿಸಿದ.

ನಂತರ ತನ್ನ ಕೋಣೆಗೆ ಹೋಗಿ ಮಲಗಿದ. ಟಣ್! ಟಣ್! ಟಣ್! ತಲೆಯ ಮೇಲೆಯೇ ಯಾರೋ ಸುತ್ತಿಗೆಯಿಂದ ಬಡಿಯುತ್ತಿದ್ದರು. ಮೇಲೆ ಬಂದು ನೋಡಿದರೆ ಖಲಾಸಿಗಳು ಸಾಲಾಗಿ ಕೂತು ಹಡಗಿನ ತುಕ್ಕು ಕೆರೆಯುತ್ತಿದ್ದಾರೆ. ಪ್ರಯಾಣಿಕರು ಇಳಿದುಹೋದ ಹಗಲೇ ಹಡಗಿನವರಿಗೆ ಮನೆ ತೊಳೆಯುವ ಹಬ್ಬ ಎಂಬುದು ನಮ್ಮ ರಾಜನಿಗೆ ಯಾರು ಹೇಳಬೇಕು? ನೆರಳಿನ ಬೆಂಚಿನ ಮೇಲೆ ಒರಗಿದ. ಪೈಪು ಹಿಡಿದವನೊಬ್ಬ ಬಂದು ನೀರು ಬಿಟ್ಟ. ಆಚೆ ಬೆಂಚಿಗೆ ಹೋದ. ಅದಕ್ಕೆ ಹಸಿ ಬಣ್ಣ. ಊಟದ ಮನೆಗೆ ಹೋದ. ಕುರ್ಚಿಗಳೆಲ್ಲ ಕಾಲು ಮೇಲೆ ಮಾಡಿ ಮೇಜು ಹತ್ತಿದ್ದವು. ಹಿಂಭಾಗಕ್ಕೆ ಬಣ್ಣ, ಅಂಗಾಲಿಗೆ ನೀರು, ಕಿವಿಗೆ ಟಣ್ ಟಣ್! ಜೊತೆಗೆ ಗುಳಿಗೆ ಬೇರೆ ರೆಪ್ಪೆ ಎಳೆಯತೊಡಗಿತು.

ಆಗ ಕಂಡದ್ದು ಆ ದೋಣಿ. ಹಡಗಿನ ಪಕ್ಕದಲ್ಲಿ, ಆಪತ್ತಿಗೆ ಇರಲಿ ಎಂದು ಹಗ್ಗಕ್ಕೆ ತೂಗುಹಾಕಿದ ದೊಡ್ಡ ದೋಣಿ, ಮೇಲೆ ದಪ್ಪ ತಾಡಪಾಲು ಹೊದಿಸಿತ್ತು. ಉಚ್ಚಂಗೆಪ್ಪನ ಕಣ್ಣಲ್ಲಿ ಹಲವಾಗಲು ಮಿಂಚಿತು. ಸಣ್ಣವನಿದ್ದಾಗ ಹೊಳೆ ದಂಡೆಯಲ್ಲಿ ಮಗುಚಿಟ್ಟ ಹರಿಗೋಲಿನ ಕೆಳಗೆ ತೂರಿಕೊಂಡು ಮಧ್ಯಾಹ್ನವೆಲ್ಲ ನಿದ್ದೆ ಹೊಡೆಯುತ್ತಿದ್ದ. ಹೊಳೆಯ ಊರಿನವನಿಗೆ ಖಾಲಿ ದೋಣಿ ಎಂದರೆ ಮಲಗುವ ಜಾಗ. ಅದು ಆಪತ್ತಿನ ಸಾಮಾನು ಅಂತ ಅವನಿಗೆ ಹೊಳೆಯಲೇ ಇಲ್ಲ. ಅತ್ತಿತ್ತ ನೋಡಿ, ತಾಡಪಾಲಿನ ಒಂದು ಮೂಲೆಯ ಹುರಿ ಬಿಚ್ಚಿ ಒಳಗೆ ನುಸುಳಿದ. ಗಾಳೆಮ್ಮ ಕಟ್ಟಿಕೊಟ್ಟ ಬುತ್ತಿ ತೆಗೆದು ಕಟಕ ರೊಟ್ಟಿ ಮುರಿದು ಖಾರದ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದ. ಮದುಮಗನ ಶಲ್ಯವನ್ನು ಮಡಿಸಿ ತಲೆದಿಂಬು ಮಾಡಿಕೊಂಡು, ಉಳಿದ ಪುಡಿಯ ಪೊಟ್ಟಣ ಕೈಯಲ್ಲಿರುವಂತೆಯೇ ಒರಗಿದ.

"ಒಂದು ಗಳಿಗಿ" ಎಂದು ತನಗೆ ತಾನೇ ಹೇಳಿಕೊಂಡದ್ದು ಅವನಿಗೆ ಚೆನ್ನಾಗಿ ನೆನಪಿದೆ.

ಎಷ್ಟು ಹೊತ್ತಾಯಿತೋ. ಕನಸಿನಲ್ಲಿ ಅವನು ಕಚೇರಿಯಲ್ಲಿದ್ದ. ಕಿಂಡಿಯ ಆಚೆ ಯಾರೋ ಅವನ ಹೆಸರು ಹಿಡಿದು ಕರೆಯುತ್ತಿದ್ದರು. "ಉಚ್ಚಂಗೆಪ್ಪಾ... ಓ ಉಚ್ಚಂಗೆಪ್ಪಾ... ಬೋಟು ಹೊರಟಿತು, ಬನ್ನೀ..." ಸಿಳ್ಳೆಯೂ ಕೇಳಿಸಿತು. ಊಟದ ಹೊತ್ತಿಗೆ ಬಂದು ಕಾಡುವ ಜನ! ಉಚ್ಚಂಗೆಪ್ಪ ಮಗ್ಗುಲಾದ. ಮಲಗಿದಲ್ಲಿಂದಲೇ, ಗತ್ತಿನಲ್ಲಿ, ಗಟ್ಟಿಯಾಗಿ ಹೇಳಿದ: "ಕೌಂಟರ್ ಬಂದ್ ಆಗೈತಿ, ನಾಳಿ ಬರ್ರಿ!"

ಕರೆಯುವವರು ಹೊರಟುಹೋದರು. ಎಂಥ ಸುಖದ ನಿದ್ದೆ ಅದು!

ಎಚ್ಚರವಾದದ್ದು ಲೋಕವೇ ತೂಗಿದಂತಾದಾಗ. ಗಂಟೆ ಢಣಢಣ ಬಾರಿಸುತ್ತಿತ್ತು. ದೋಣಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿತು. ಹೊಟ್ಟೆಯ ಮೇಲೆ ಯಾವನದೋ ಬೂಟುಗಾಲು! ಜನ ಇಳಿದುಹೋದ ಹೊತ್ತಿನಲ್ಲಿ ಹಡಗಿನವರು ಆಪತ್ತಿನ ದೋಣಿ ಇಳಿಸುವ ಕವಾಯತು ಮಾಡುತ್ತಾರಂತೆ. ಅವಸರದಲ್ಲಿ ಮುಂದಿನ ಅರ್ಧ ತಾಡಪಾಲು ಮಾತ್ರ ಸರಿಸಿ ನಾಲ್ಕಾರು ಜನ ಹತ್ತಿ, ದೋಣಿಯನ್ನು ಹಗ್ಗದಲ್ಲಿ ಇಳಿಬಿಟ್ಟಿದ್ದರು. ಹಿಂದಿನ ಅರ್ಧದಲ್ಲಿ ಹಗರಿಬೊಮ್ಮನಹಳ್ಳಿ ಮಲಗಿದೆ ಅಂತ ಅವರಿಗೇನು ಗೊತ್ತು?

"ಅಯ್ಯಯ್ಯಪ್ಪೋ! ಯಾರ್ಲೇ ಅದು!" ಎಂದು ಉಚ್ಚಂಗೆಪ್ಪ ತಾಡಪಾಲು ಸೀಳಿಕೊಂಡಂತೆ ಎದ್ದ.

ಬೂಟಿನವನು ಚೀರಿದ. ದೋಣಿ ಮುಗ್ಗರಿಸಿತು. ಉಚ್ಚಂಗೆಪ್ಪನ ಕೈಯಲ್ಲಿದ್ದ ಚಟ್ನಿಪುಡಿಯ ಪೊಟ್ಟಣ ಹಾರಿ, ಮುಂದೆ ಬಿಳಿಯ ದಿರಿಸಿನಲ್ಲಿ ಸಿಳ್ಳೆ ಕಚ್ಚಿಕೊಂಡು ನಿಂತಿದ್ದ ಅಧಿಕಾರಿಯ ಮುಖದ ಮೇಲೆ ಬಿಚ್ಚಿಕೊಂಡಿತು. ಖಾರ ಕಣ್ಣಿಗೆ! ಖಾರ ಮೂಗಿಗೆ! ಅವನು ಸಿಳ್ಳೆಯೊಳಗೇ ಸೀನಿದ. ಮೇಲೆ ಹಗ್ಗ ಹಿಡಿದವರು ಆ ಸೀನನ್ನು ಸಾಹೇಬರ ಅಪ್ಪಣೆ ಎಂದು ತಿಳಿದು ಹಗ್ಗ ಸಡಿಲ ಬಿಟ್ಟರು. ಧಡಾರ್! ದೋಣಿ ನೀರಿಗೆ ಬಿತ್ತು. ಎಲ್ಲರ ತಲೆಯ ಮೇಲೂ ಲಕ್ಷದ್ವೀಪದ ನೀರು.

"ಎಂಥದ್ರೀ ಮಾರಾಯ್ರೇ ನೀವು!" ಎಂದು ಒಬ್ಬ ಹಣೆ ಬಡಿದುಕೊಂಡ. ಕಾರವಾರದ ಖಲಾಸಿ, ಹಡಗಿನ ಸಿಬ್ಬಂದಿಯಲ್ಲಿ ಕನ್ನಡ ಬರುವ ಒಬ್ಬನೇ ಒಬ್ಬ. "ನಿಮ್ಮನ್ನು ಹುಡುಕಿ ಹುಡುಕಿ ಸಾಕಾಯ್ತು. ಬೋಟಿನವ ಕಾದು ಕಾದು ಹೋದ!"

"ಯಾವ ಬೋಟು?"

"ಮಧ್ಯಾಹ್ನದ ಬೋಟು!"

ಉಚ್ಚಂಗೆಪ್ಪ ಆಕಾಶ ನೋಡಿದ. ಸೂರ್ಯ ಪಡುವಣಕ್ಕೆ ವಾಲಿದ್ದ. ಗುಳಿಗೆಯ ಅಮಲು, ನಿದ್ದೆಯ ಅಮಲು, ರಾಜ್ಯದ ಅಮಲು ಎಲ್ಲ ಒಂದೇ ಏಟಿಗೆ ಇಳಿಯಿತು. "ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ದಂಡಿಗೆ ಬಿಡ್ರಿ. ನನ್ನ ಹೆಂಡ್ತಿ ಕಾಯಾಕ ಹತ್ಯಾಳ. ಹರಕಿ ಐತಿ!"

"ಈ ದೋಣಿ ಆ ಬಂಡೆ ದಾಟೂದಿಲ್ಲ ಮಾರಾಯ್ರೇ. ನೀರು ಇಳಿದದೆ. ಅಡಿ ಒಡೆದು ಎಲ್ಲರೂ ಸಾಯೂದೇ."

ಕಣ್ಣು ಉಜ್ಜಿಕೊಳ್ಳುತ್ತಲೇ ಸಾಹೇಬ ಹುಟ್ಟು ಹಾಕಲು ಹೇಳಿದ. ಕವಾಯತು ಎಂದರೆ ಕವಾಯತು. ದೋಣಿ ಹಡಗಿಗೆ ಒಂದು ಸುತ್ತು ಬರಲೇಬೇಕಂತೆ. ಹಡಗಿನ ಮೂತಿಯನ್ನು ದಾಟಿದಾಗ ದಡ ಕಂಡಿತು. ಬಿಳಿಯ ಉಸುಕು, ಹಿಂದೆ ತೆಂಗು. ಉಸುಕಿನ ಅಂಚಿನಲ್ಲಿ ನಾಲ್ಕಾರು ಬಣ್ಣದ ಸೀರೆಗಳು. ಅವುಗಳ ನಡುವೆ ಒಂದು ಕಪ್ಪು ಚುಕ್ಕೆ. ಛತ್ರಿ!

ಆ ಛತ್ರಿಯನ್ನು ಅವನು ಯಾವತ್ತೂ ಇಷ್ಟು ದೂರದಿಂದ ನೋಡಿರಲಿಲ್ಲ. ನೋಡಿದ್ದ, ನಿಜವಾಗಿ, ಮನೆಯ ಕಟ್ಟೆಯ ಮೇಲೆ ಕೂತು, ಓಣಿಯ ತುದಿಯಲ್ಲಿ ತಿರುಗಿ ಮರೆಯಾಗುವ ತನಕ ಎಷ್ಟೋ ಸಲ ನೋಡಿದ್ದ. ಆಗ ಅದರ ಕೆಳಗೆ ಅವಳು ಎಷ್ಟು ಒಂಟಿಯಾಗಿ ಕಾಣುತ್ತಾಳೆಂದು ಗಮನಿಸಿರಲಿಲ್ಲ ಅಷ್ಟೇ. ಶಲ್ಯ ಬೀಸಿದ. ಕೂಗಿದ. "ಗಾಳೆಮ್ಮಾ! ಬಂದ್ನೇ! ನಿಂದ್ರೇ!" ಗಾಳಿ ಅವನ ಕಡೆಯಿಂದ ಬೀಸುತ್ತಿರಲಿಲ್ಲ.

ಕಪ್ಪು ಚುಕ್ಕೆ ಮಡಿಚಿಕೊಂಡು ಗೆರೆಯಾಯಿತು. ಗೆರೆ ನೀರಿಗಿಳಿಯಿತು, ಪಕ್ಕದಲ್ಲೇ ಸೀರೆಯೂ ಇಳಿಯಿತು. ಎರಡೂ ಮುಳುಗಿದವು!

ಮೇಲೆ ಬಂದವು. ಮತ್ತೆ ಮುಳುಗಿದವು!

"ಮುಳುಗಿದ್ಳು! ನನ್ನ ಹೆಂಡ್ತಿ ಮುಳುಗಿದ್ಳು!" ಎಂದು ಉಚ್ಚಂಗೆಪ್ಪ ಎದ್ದುನಿಂತ. ದೋಣಿಯಲ್ಲಿ ಎದ್ದು ನಿಲ್ಲಬಾರದೆಂಬುದು ಹಲವಾಗಲಿನ ಕೂಸುಗಳಿಗೂ ಗೊತ್ತು. ಹಲವಾಗಲಿನ ಗಂಡುಗಲಿಗೆ ಮರೆತಿತ್ತು. ಮರುಕ್ಷಣ ಅವನೂ ನೀರಿನಲ್ಲಿ! ಒಮ್ಮೆ ಮುಳುಗಿ ಎದ್ದ, "ಗಾಳೆಮ್ಮಾ" ಎಂದ. ಮತ್ತೆ ಮುಳುಗಿ ಎದ್ದ. ಮೂರನೆಯ ಸಲ ಮುಳುಗಿದಾಗ ಕಾರವಾರದ ಖಲಾಸಿ ಕೊಕ್ಕೆಯ ಕೋಲನ್ನು ಪಂಚೆಯ ಹಿಂಭಾಗಕ್ಕೆ ಸಿಕ್ಕಿಸಿ, ದೊಡ್ಡ ಮೀನು ಎಳೆದಂತೆ ಎಳೆದುಹಾಕಿದ. ಹೊಟ್ಟೆಯೊಳಗಿನ ಉಪ್ಪುನೀರು ಕಕ್ಕಿದ ಮೇಲೆ ದಡ ನೋಡಿದ. ಸೀರೆಗಳೆಲ್ಲ ಉಸುಕಿನ ಮೇಲಿದ್ದವು. ಕಪ್ಪು ಚುಕ್ಕೆ ಮತ್ತೆ ಬಿಚ್ಚಿಕೊಂಡಿತ್ತು.

ಸಂಜೆ ಬೋಟು ವಾಪಸಾಯಿತು. ಏಣಿ ಹತ್ತುವವರ ಸಾಲಿನಲ್ಲಿ ಗಾಳೆಮ್ಮ ಕೊನೆಯವಳು. ಹಣೆಯಲ್ಲಿ ದೊಡ್ಡ ಕುಂಕುಮ, ಒದ್ದೆ ಕೂದಲು. ಉಚ್ಚಂಗೆಪ್ಪ ಒದ್ದೆ ಶಲ್ಯ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ. ಹೇಳಬೇಕಾದದ್ದನ್ನೆಲ್ಲ ಅವನು ಅಭ್ಯಾಸ ಮಾಡಿ ಇಟ್ಟುಕೊಂಡಿದ್ದ.

"ಗಾಳೆಮ್ಮಾ, ಸಿಟ್ಟಾಗಬ್ಯಾಡ. ನಾನೂ ಮುಳುಗೀನಿ! ನೀ ಅಲ್ಲಿ ಮುಳುಗಿದಿ, ನಾ ಇಲ್ಲಿ ಮುಳುಗಿದೆ. ನೀರು ಒಂದಽ, ಹೊತ್ತೂ ಒಂದಽ! ಗಂಗವ್ವ ಒಪ್ಪಿಕೊಳ್ಳಂಗಿಲ್ಲೇನು?"

"ಗಂಟು?" ಎಂದಳು ಗಾಳೆಮ್ಮ.

ಉಚ್ಚಂಗೆಪ್ಪ ಶಲ್ಯದ ತುದಿ ಹಿಂಡತೊಡಗಿದ. ಪಕ್ಕದಲ್ಲಿದ್ದ ಖಲಾಸಿ ಇವನ ಪರವಾಗಿ ನಾಲ್ಕು ಮಾತು ಹೇಳಲೆಂದೇ ಮುಂದೆ ಬಂದ. ಬರಬಾರದಿತ್ತು. "ಬಯ್ಯಬೇಡಿ ಅಮ್ಮ, ಪಾಪ, ನಿದ್ದೆ ಬಂದಿತ್ತು ಅವರಿಗೆ. ನಾನು ಕರೀತಾ ಆ ದೋಣಿ ಹತ್ರ ಬಂದಿದ್ದೆ. ಒಳಗಿಂದ ಯಾರೋ 'ಕೌಂಟರ್ ಬಂದ್ ಆಗೈತಿ, ನಾಳಿ ಬರ್ರಿ' ಅಂದ್ರು. ಎಲ್ಲೋ ರೇಡಿಯೋ ನಾಟಕ ಅಂತ ನಾನು ಮುಂದೆ ಹೋದೆ."

ಗಾಳೆಮ್ಮ ಗಂಡನನ್ನು ನೋಡಿದಳು. ಈ ಸಲ ಅವನೂ ಅವಳ ಮುಖ ನೋಡಿದ. ಬೆಳಿಗ್ಗೆ ನೋಡಬೇಕಾಗಿದ್ದ ಮುಖ.

"ನಾ ಏನು ಮಾಡ್ಲಿ ಮತ್ತ?" ಮರುಳಸಿದ್ದಮ್ಮನಿಗೆ ಹೇಳುವವಳಂತೆ ಅವಳು ಮೆಲ್ಲಗೆ ಹೇಳಿದಳು. "ಮಧ್ಯಾಹ್ನದ ಬೋಟಿನಾಗ ಇಳದವರನ್ನೆಲ್ಲಾ ಒಬ್ಬೊಬ್ಬರನ್ನಽ ನೋಡಿದೆ. ಹೊತ್ತು ಇಳೀತು. ಹರಕಿ ಇವರ ಜೀವದ್ದು, ಬಿಡಾಕ ಬರ್ತೈತೇನು? ಗಂಡ ಊರಾಗ ಇರದಿದ್ರ ಅವನ ಶಲ್ಯ ಇಟ್ಟು ಪೂಜಿ ಮಾಡ್ತಾರ ಅಂತ ನೀವಽ ಅಂದ್ರಿ. ಶಲ್ಯ ಇಲ್ಲಿತ್ತು. ಇವ್ರಽ ಹೇಳಿದ್ರಲ್ಲ, ಇದನ್ನಽ ನಾನು ಅಂತ ತಿಳ್ಕ ಅಂತ. ಗಂಟು ಹಾಕ್ಕಂಡು ಮುಳುಗಿಬಿಟ್ಟೆ."

ಆಗ ಉಚ್ಚಂಗೆಪ್ಪನಿಗೆ ಕಂಡಿತು. ಅವಳ ಸೆರಗಿನ ತುದಿ ಛತ್ರಿಯ ಬೆತ್ತದ ಹಿಡಿಗೆ ಗಂಟು ಬಿದ್ದಿತ್ತು. ಹಿಡಿಗೆ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ಬಿಡಿಸಲು ಅವನೇ ಕೈ ಹಾಕಿದ. ಉಪ್ಪುನೀರಿನಲ್ಲಿ ನೆಂದು ಬಿಗಿದ ಗಂಟು ಜಗ್ಗಲಿಲ್ಲ.

"ಇರಲಿ ಬಿಡ್ರಿ" ಎಂದಳು ಗಾಳೆಮ್ಮ. "ಅಪ್ಪನ ಮಣ್ಣಿಗೆ ಬಂದಿದ್ದು ಅದಽ. ಮೈಲಾರಕ್ಕ ಬಂದಿದ್ದು ಅದಽ. ಇಲ್ಲಿಗೂ ಅದಽ ಬಂತು. ಗಂಟು ಬಿದ್ದದ್ದು ತಪ್ಪೇನಿಲ್ಲ."

ಇಷ್ಟು ವರ್ಷ ಅವಳು ಒಂದೊಂದು ಸಲವನ್ನೂ ಎಣಿಸಿಟ್ಟಿದ್ದಳೆಂದು ಉಚ್ಚಂಗೆಪ್ಪನಿಗೆ ಗೊತ್ತಿರಲಿಲ್ಲ. ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಛತ್ರಿ ಅವಳ ಪಕ್ಕಕ್ಕೆ ಒರಗಿ ಕೂತಿತು. ಅವನು ಛತ್ರಿಯ ಆಚೆಗೆ, ಬೆಂಚಿನ ತುದಿಗೆ ಕೂತ. ಬಣ್ಣ ಒಣಗಿತ್ತೋ ಇಲ್ಲವೋ ನೋಡಲಿಲ್ಲ. ಹಡಗು ಒಮ್ಮೆ ನಡುಗಿ, ಲಂಗರು ಎತ್ತಿ, ಮೂತಿ ತಿರುಗಿಸಿತು. ನಡುಗಡ್ಡೆ ಸಣ್ಣದಾಗತೊಡಗಿತು.

ಉಚ್ಚಂಗೆಪ್ಪ ಎದ್ದುಬಂದು ಅವಳ ಮುಂದೆ ನಿಂತ. ಹೆಗಲಿನ ಶಲ್ಯದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಿಂಡಿಯ ಮುಂದೆ ಅರ್ಜಿ ಹಿಡಿದವರ ಹಾಗೆ, ಅವಳ ಕಡೆ ಚಾಚಿದ.

"ಗಾಳೆಮ್ಮಾ, ಬಂದೀನಿ. ಇನ್ನೂ ಸಮುದ್ರಽ ಐತಿ ನೋಡು, ಸುತ್ತಮುತ್ತ. ಇಲ್ಲೇ ನಿಂತು ಒಂದು ಗಂಟು ಹಾಕ್ಕಂಡು ಕೈ ಮುಗಿಯೋಣ."

ಗಾಳೆಮ್ಮ ಶಲ್ಯ ನೋಡಿದಳು. ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒದ್ದೆ ಛತ್ರಿಯನ್ನು ಮಡಿಲಿಗೆ ಎಳೆದುಕೊಂಡು, ಸಮುದ್ರದ ಕಡೆ ಮುಖ ತಿರುಗಿಸಿದಳು.

"ಕೌಂಟರ್ ಬಂದ್ ಆಗೈತ್ರಿ" ಎಂದಳು. "ನಾಳಿ ಬರ್ರಿ."